ಬೇರು ಬಾರದ ಮೊಳಕೆ

ಮಂಗಳವಾರ ಬೆಳಗ್ಗೆ ಎಂಟೂವರೆ. ಕುಕ್ಕೆಯೊಳಗಿನ ಭತ್ತ ಮೊಳೆತಿತ್ತು. ಬೇರು ಮಾತ್ರ ಬಂದಿರಲಿಲ್ಲ.

ಇನ್ಸ್‌ಪೆಕ್ಟರ್ ವಿಲಾಸಿನಿ ಒಳಗೆ ಹಾಸಿದ್ದ ತೇಗದ ಎಲೆ ಸರಿಸಿ ಇನ್ನೊಂದು ಹಿಡಿ ತೆಗೆದಳು. ಅಂಗೈ ಮೇಲೆ ಹರಡಿ ಬೆಳಕಿಗೆ ಹಿಡಿದಳು. ಪ್ರತಿ ಕಾಳಿನ ತುದಿಯಲ್ಲೂ ಬಿಳಿಯ ಸಪೂರ ಮೊಳಕೆ, ಹೊಲಿಗೆಯ ದಾರ ಕತ್ತರಿಸಿ ಅಂಟಿಸಿದ ಹಾಗೆ. ಎಲ್ಲೋ ನಾಲ್ಕಾರು ಕಾಳಿನಲ್ಲಿ ಮಾತ್ರ ಬೇರು ಸೂಜಿಮೊನೆಯಷ್ಟು ಇಣುಕಿತ್ತು. ನಿನ್ನೆ ಸಂಜೆ ನೋಡಿದಾಗ ಅದೂ ಇರಲಿಲ್ಲ.

"ಶಿಹಾಬ್, ಅನ್ನಂಕುಟ್ಟಿ ಮನೆ ಕಾಳು ಎಲ್ಲಿ?"

ಕಾನ್‌ಸ್ಟೇಬಲ್ ಶಿಹಾಬ್ ಬಾಳೆಲೆಯ ಪೊಟ್ಟಣ ಬಿಚ್ಚಿದ. ಈ ಭತ್ತ ಸಂಶೋಧನಾ ಕೇಂದ್ರದ ಬೇಲಿಯಾಚೆಗೆ ಅನ್ನಂಕುಟ್ಟಿಯ ಮನೆ. ಅವಳೂ ಬೀಜದ ಕುಕ್ಕೆಯನ್ನು ಶುಕ್ರವಾರ ಸಂಜೆಯೇ ಕೊಳಕ್ಕೆ ಇಳಿಸಿದ್ದಳು. ಪುಳಿಕ್ಕಡವು ಊರಿನ ಎಲ್ಲರಂತೆ ಒಂದು ರಾತ್ರಿ ನೆನೆಸಿ, ಶನಿವಾರ ಬೆಳಗ್ಗೆ ಎತ್ತಿ ನೆರಳಿಗೆ ಇಟ್ಟಿದ್ದಳು. ಅವಳ ಕಾಳಿನಲ್ಲಿ ಬೇರಿತ್ತು. ಮೊಳಕೆ ಇರಲಿಲ್ಲ.

"ಇದೇನ್ ಮೇಡಂ, ಒಂದಕ್ಕೆ ತಲೆ ಇದೆ, ಇನ್ನೊಂದಕ್ಕೆ ಕಾಲಿದೆ" ಎಂದ ಶಿಹಾಬ್.

"ನೀರಲ್ಲೇ ಮುಳುಗಿದ್ರೆ ಕಾಳು ಮೊದಲು ತಲೆ ಎತ್ತುತ್ತೆ, ಉಸಿರಿಗೆ ತಡಕಾಡ್ಕೊಂಡು. ಗಾಳಿ ಸಿಕ್ಕಿದ್ರೆ ಮೊದಲು ಕಾಲು ಊರುತ್ತೆ."

"ಪೊಲೀಸ್ ಟ್ರೈನಿಂಗಲ್ಲಿ ಇದನ್ನೂ ಹೇಳಿಕೊಡ್ತಾರಾ?"

"ನಮ್ಮಮ್ಮ ಒಂದು ವರ್ಷ ಕುಕ್ಕೆ ಎತ್ತೋದು ಮರೆತಿದ್ಲು. ನಮ್ಮಪ್ಪ ಸಾಯೋವರೆಗೂ ಅದನ್ನೇ ಆಡ್ಕೊಂಡು ನಗ್ತಿದ್ದ. ಹೀಗೇ ಇತ್ತು ಕಾಳು."

ಶಿಹಾಬ್ ನಗಲು ಹೋಗಿ ಅವಳ ಮುಖ ನೋಡಿ ಪೊಟ್ಟಣ ಮಡಚತೊಡಗಿದ.

ಈ ಕುಕ್ಕೆ ಡಾಕ್ಟರ್ ಅಬ್ರಹಾಂ ಅವರದು. ಊರಿಗೆ ಅವರು ಅವರಾಚ್ಚನ್ ಸಾರ್. ಉಪ್ಪುನೀರಿನ ಗದ್ದೆಯಲ್ಲಿ ನಿಲ್ಲುವ ಭತ್ತಕ್ಕಾಗಿ ವರ್ಷಗಟ್ಟಲೆ ಕೆಸರಲ್ಲಿ ನಿಂತವರು. ನಿನ್ನೆ, ಸೋಮವಾರ ಬೆಳಗ್ಗೆ, ಪ್ರಯೋಗದ ಗದ್ದೆಯ ತೂಬಿನ ಗುಂಡಿಯಲ್ಲಿ ಅವರ ಹೆಣ ಸಿಕ್ಕಿತ್ತು. ತಲೆಯ ಹಿಂಭಾಗದಲ್ಲಿ ಪೆಟ್ಟಿನ ಗುರುತಿತ್ತು.

ಕುಕ್ಕೆಯ ಕುತ್ತಿಗೆಗೆ ಕೆಂಪು ನೂಲು ಕಟ್ಟಿತ್ತು. ಕೆಂಪು ನೂಲಿನ ಕುಕ್ಕೆ ಎಂದರೆ ಪ್ರಯೋಗದ ಬೀಜ. ಅದನ್ನು ಇಳಿಸುವವರೂ ಎತ್ತುವವರೂ ಅವರಾಚ್ಚನ್ ಸಾರ್ ಒಬ್ಬರೇ. ಬೇರೆ ಯಾರೂ ಕೈ ಹಚ್ಚುವಂತಿಲ್ಲ. ಇದು ಒಂಬತ್ತನೇ ತಳಿ. ಇದರ ಬೀಜ ಬೇರೆಲ್ಲೂ ಇಲ್ಲ.

ಶುಕ್ರವಾರ ಸಂಜೆ ಅವರು ಇದನ್ನು ಕೇಂದ್ರದ ಸಿಹಿನೀರಿನ ಕೊಳಕ್ಕೆ ಇಳಿಸಿದ್ದನ್ನು ಇಬ್ಬರು ನೋಡಿದ್ದಾರೆ. ಸೋಮವಾರ ಬೆಳಗ್ಗೆ ಇದು ಬೀಜದ ಚಪ್ಪರದ ನೆರಳಲ್ಲಿತ್ತು. ಹಾಗಾದರೆ ಶನಿವಾರ ಬೆಳಗ್ಗೆ ಸಾರ್ ಬದುಕಿದ್ದರು, ತಾವೇ ಎತ್ತಿಟ್ಟರು. ನಿನ್ನೆ ಬೆಳಗ್ಗೆ ಎಲ್ಲರೂ ಒಪ್ಪಿದ್ದು ಇದನ್ನೇ. ವಿಲಾಸಿನಿಯೂ ಒಪ್ಪಿದ್ದಳು.

ಬೇರಿಲ್ಲದ ಕಾಳು ಬೇರೆ ಮಾತು ಹೇಳುತ್ತಿತ್ತು. ಶನಿವಾರ ಯಾರೂ ಕುಕ್ಕೆ ಎತ್ತಿರಲಿಲ್ಲ. ಭಾನುವಾರವೂ ಎತ್ತಿರಲಿಲ್ಲ. ಎತ್ತಬೇಕಾದವರು ಶುಕ್ರವಾರ ರಾತ್ರಿಯೇ ಸತ್ತಿದ್ದರು. ಸೋಮವಾರ ಬೆಳಗ್ಗೆ ಇನ್ಯಾರೋ ಎತ್ತಿ, ಸತ್ತವರೇ ಎತ್ತಿದ ಹಾಗೆ ನೆರಳಲ್ಲಿ ಇಟ್ಟಿದ್ದರು.

"ಅಂದ್ರೆ ಪರಮುಚೇಟ್ಟ…" ಎಂದ ಶಿಹಾಬ್.

"ಶುಕ್ರವಾರ ಸಂಜೆಯಿಂದ ಶನಿವಾರ ಮಧ್ಯಾಹ್ನದವರೆಗೆ ಪರಮುಚೇಟ್ಟ ಹೊಟ್ಟೆನೋವು ಅಂತ ಆಸ್ಪತ್ರೆ ಮಂಚದ ಮೇಲಿದ್ದ. ಡ್ರಿಪ್ ಹಾಕಿದ ನರ್ಸ್ ಇದ್ದಾಳೆ."

ಊರೆಲ್ಲ ಚೇಟ್ಟ, ಎಂದರೆ ಅಣ್ಣ, ಎಂದು ಕರೆಯುವ ತೂಬು ಕಾಯುವ ಪರಮು ಈಗ ಠಾಣೆಯ ಲಾಕಪ್ಪಿನಲ್ಲಿದ್ದ. ಮಳೆನೀರು ಹರಿಸಲು ಪ್ರಯೋಗದ ತೂಬು ತೆರೆಯಬೇಕು ಎಂದು ಅವನು, ತೆರೆಯಕೂಡದು ಎಂದು ಸಾರ್. ಹೋದ ವಾರ ಚಹಾದಂಗಡಿಯ ಮುಂದೆಯೇ ಜಗಳವಾಗಿತ್ತು. "ಹಾಗಾದ್ರೆ ನಿಮ್ಮನ್ನೇ ತೂಬಿಗೆ ತುರುಕಿ ಮುಚ್ಚುತೀನಿ" ಎಂದು ಪರಮು ಕೂಗಿದ್ದನ್ನು ಊರೇ ಕೇಳಿತ್ತು. ಆ ತೂಬಿನ ಬೀಗದ ಕೈ ಇದ್ದದ್ದು ಅವನ ಹತ್ತಿರ, ಇನ್ನೊಂದು ಕೇಂದ್ರದ ಕಚೇರಿಯಲ್ಲಿ. ಭಾನುವಾರ ಅವನು ಒಬ್ಬನೇ ತೂಬಿನ ಹತ್ತಿರ ಓಡಾಡಿದ್ದ. ಡಿವೈಎಸ್‌ಪಿಗೆ ಅಷ್ಟು ಸಾಕಾಗಿತ್ತು. ಇವತ್ತು ಮಧ್ಯಾಹ್ನ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ ಎಂದಿದ್ದರು.

ಶವಪರೀಕ್ಷೆಯ ಡಾಕ್ಟರು ಫೋನಿನಲ್ಲಿ ಹೇಳಿದ್ದು ಒಂದೇ ಸಾಲು: "ಉಪ್ಪುನೀರಲ್ಲಿ ನೆಂದ ಹೆಣ, ಎರಡು ದಿನ ಇರಬಹುದು, ಮೂರೂ ಇರಬಹುದು."

ಸರ್ಕಾರಿ ವಕೀಲರು ಇನ್ನೂ ಖಾರವಾಗಿದ್ದರು: "ಮೊಳಕೆಕಾಳು ಹಿಡ್ಕೊಂಡು ಕೋರ್ಟಿಗೆ ಬಂದ್ರೆ, ತಿಂಡಿಗೆ ಪುಟ್ಟಿನ ಜೊತೆ ಬಡಿಸಮ್ಮ ಅಂತಾರೆ ಸಾಹೇಬ್ರು. ಬಲ್ಲವರ ಸಹಿ ತನ್ನಿ."

ಬಲ್ಲವರಿಗಾಗಿ ವಿಲಾಸಿನಿ ನಿನ್ನೆ ಸಂಜೆಯೇ ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿದ್ದಳು. ಅಲ್ಲಿಯ ಪ್ರೊಫೆಸರರು ಮರ್ಯಾದೆಯಿಂದಲೇ ಉತ್ತರಿಸಿದ್ದರು. ಉಪ್ಪುಗದ್ದೆಯ ಭತ್ತದ ಬಗ್ಗೆ ಅಧಿಕೃತವಾಗಿ ಬರೆದುಕೊಡುವ ಅಧಿಕಾರ ಇರುವುದು ಪುಳಿಕ್ಕಡವಿನ ಕೇಂದ್ರಕ್ಕೇ. ಕೇಂದ್ರದ ಮುಖ್ಯಸ್ಥರನ್ನು ಕೇಳಿ.

ಕೇಂದ್ರದ ಮುಖ್ಯಸ್ಥರು ಡಾಕ್ಟರ್ ಸೇತುನಾಥ್. ಶುಕ್ರವಾರ ರಾತ್ರಿಯ ರೈಲಿನಲ್ಲಿ ತಿರುವನಂತಪುರಕ್ಕೆ ಸಭೆಗೆ ಹೋಗಿ ಸೋಮವಾರ ಬೆಳಗ್ಗೆ ಮರಳಿದವರು. ಕುಕ್ಕೆ ನೆರಳಲ್ಲಿದೆ ನೋಡಿ ಎಂದು ಪೊಲೀಸರಿಗೆ ಮೊದಲು ತೋರಿಸಿದವರೂ ಅವರೇ.

ವಿಲಾಸಿನಿ ಒಂದು ಹಿಡಿ ಕಾಳನ್ನು ಒದ್ದೆ ಕರವಸ್ತ್ರದಲ್ಲಿ ಕಟ್ಟಿದಳು.

"ಕುಕ್ಕೇನ ಠಾಣೆಗೆ ಸಾಗಿಸಲಾ?" ಶಿಹಾಬ್ ಕೇಳಿದ.

ಸಾಗಿಸಬೇಕಿತ್ತು. ಠಾಣೆಯ ಮಾಲುಕೋಣೆಗೆ ಕಿಟಕಿಯಿಲ್ಲ. ಕಳ್ಳಭಟ್ಟಿಯ ಕ್ಯಾನು, ಹಳೆಯ ಬೈಕು, ತಗಡಿನ ಸೂರು. ಅಲ್ಲಿಟ್ಟರೆ ಸಂಜೆಯೊಳಗೆ ಬೀಜ ಕಾವಿಗೆ ಬೆಂದುಹೋಗುತ್ತದೆ. ಒಂಬತ್ತನೇ ತಳಿ ಅಲ್ಲಿಗೆ ಮುಗಿಯುತ್ತದೆ. ಅವಳ ಅಮ್ಮ ಇದೇ ಗದ್ದೆಗಳಲ್ಲಿ ಎದೆಮಟ್ಟದ ನೀರಲ್ಲಿ ನಿಂತು ತೆನೆ ಕೊಯ್ದವಳು. ಜೀವವಿರುವ ಬೀಜಕ್ಕೆ ಬೀಗ ಹಾಕುವುದು ಆ ಊರಿನ ಕೈಗೆ ಬರುವ ಕೆಲಸವಲ್ಲ.

"ಬೇಡ. ನೆರಳಲ್ಲೇ ಇರಲಿ. ನೀನಿಲ್ಲೇ ಕೂತಿರು, ಯಾರೂ ಮುಟ್ಟಬಾರದು."

"ಒಂದು ಚಹಾ?"

"ನಾನು ಕೆಳಗಿಳಿದ ಮೇಲೆ."

ಸೇತುನಾಥರ ಕೋಣೆ ಮೇಲಂತಸ್ತಿನಲ್ಲಿ ರಸ್ತೆಯ ಕಡೆಗಿತ್ತು. ಕಿಟಕಿಯಿಂದ ದೋಣಿಗಟ್ಟೆ ಕಾಣುತ್ತಿತ್ತು, ಗದ್ದೆ ಹಿಂಭಾಗದಲ್ಲಿ. ಅವರು ಎದ್ದು ನಿಂತು ಕುರ್ಚಿ ತೋರಿಸಿದರು. ಇಸ್ತ್ರಿ ಮಾಡಿದ ಅಂಗಿ, ತೋಳಿಗೆ ಕಪ್ಪು ಪಟ್ಟಿ.

"ಕೂತ್ಕೊಳಿ ಮೇಡಂ. ನಿನ್ನೆಯಿಂದ ಏನೂ ತಿಂದಿಲ್ಲ ಅನ್ಸುತ್ತೆ ನೀವು. ಲೀಲೇ, ಎರಡು ಚಹಾ, ಬಾಳೆಹಣ್ಣಿನ ಪಳಂಪೊರಿ ಇದ್ರೆ ತಗೊಂಡು ಬಾ."

ವಿಲಾಸಿನಿ ಕರವಸ್ತ್ರ ಬಿಚ್ಚಿ ಮೇಜಿನ ಮೇಲಿಟ್ಟಳು.

ಅವರು ಕನ್ನಡಕ ಹಾಕಿಕೊಂಡರು. ಒಂದು ಕಾಳನ್ನು ಎರಡು ಬೆರಳಲ್ಲಿ ಎತ್ತಿ ತಿರುಗಿಸಿದರು. ಉಗುರಿನ ಸುತ್ತ ತೇಗದ ಎಲೆಯ ಕೆಂಪು ಕಲೆಯಿತ್ತು.

"ಮೊಳಕೆ ಇದೆ, ಬೇರಿಲ್ಲ" ಎಂದರು.

"ಯಾಕೆ ಸಾರ್?"

"ನಿಮಗೆ ಗೊತ್ತಿರೋದ್ರಿಂದಲೇ ಮೇಲೆ ಬಂದಿದೀರಿ. ನೀರಲ್ಲಿ ಇದ್ದದ್ದು ಜಾಸ್ತಿ ಆಗಿದೆ."

"ಎಷ್ಟು ಜಾಸ್ತಿ?"

"ಒಂದು ರಾತ್ರಿಗೆ ಇಷ್ಟುದ್ದ ಬರಲ್ಲ. ಎರಡು ದಿನದ ಮೇಲೆ. ಮೂರು ಅಂದ್ರೂ ನಾನು ಜಗಳ ಆಡಲ್ಲ."

ಇಷ್ಟು ಸಲೀಸಾಗಿ ಒಪ್ಪುತ್ತಾರೆಂದು ಅವಳು ಎಣಿಸಿರಲಿಲ್ಲ. ಚಹಾ ಬಂತು. ಅವರೇ ಲೋಟವನ್ನು ಅವಳ ಕಡೆಗೆ ಸರಿಸಿದರು.

"ನೀವು ಹೇಳಿಕೇಲಿ ಶನಿವಾರ ಎತ್ತಿದ್ರು ಅಂದಿದೀರಿ."

"ಎತ್ತಿರಬೇಕು ಅಂದೆ. ನಾನು ಊರಲ್ಲಿರಲಿಲ್ಲ. ಅವರಾಚ್ಚನ್ ಒಂದು ಸಲವೂ ತಡ ಮಾಡಿದವರಲ್ಲ, ಅದನ್ನ ನಂಬಿ ಹೇಳಿದೆ. ನನ್ನ ಊಹೆ ತಪ್ಪು. ತಿದ್ದಿಕೊಳ್ತೀನಿ."

"ಅವರು ಶುಕ್ರವಾರ ರಾತ್ರಿಯೇ ಸತ್ತಿದ್ರೆ, ಕುಕ್ಕೆ ಎತ್ತಿದ್ದು ಯಾರು?"

"ಅದು ನಿಮ್ಮ ಇಲಾಖೆ. ಬೇರು, ಮೊಳಕೆ ನನ್ನ ಇಲಾಖೆ."

"ನಿಮ್ಮ ಕೈ ಕೆಂಪಾಗಿದೆ ಸಾರ್."

ಅವರು ತಮ್ಮ ಬೆರಳು ನೋಡಿಕೊಂಡು ನಕ್ಕರು. "ಬಿತ್ತನೆ ತಿಂಗಳಲ್ಲಿ ಈ ಊರಲ್ಲಿ ಕೆಂಪಾಗದ ಕೈ ಒಂದು ತೋರಿಸಿ. ನಿಮ್ಮದನ್ನೇ ನೋಡ್ಕೊಳಿ."

ವಿಲಾಸಿನಿ ನೋಡಿಕೊಂಡಳು. ಕುಕ್ಕೆಯಲ್ಲಿ ಕೈಯಾಡಿಸಿದ ಅವಳ ಬೆರಳೂ ಕೆಂಪಾಗಿತ್ತು.

"ನಿಮ್ಮಿಬ್ಬರಿಗೂ ಒಂಬತ್ತನೇ ತಳಿ ಬಗ್ಗೆ ಭಿನ್ನಾಭಿಪ್ರಾಯ ಇತ್ತಂತೆ."

"ಇತ್ತು. ನಾನು ಈ ವರ್ಷವೇ ರೈತರಿಗೆ ಕೊಡೋಣ ಅಂದೆ. ಅವರು ಇನ್ನೊಂದು ಮಳೆಗಾಲ ನೋಡೋಣ ಅಂದ್ರು. ಹೋದ ವರ್ಷದ ಪ್ರಯೋಗದಲ್ಲಿ ಗದ್ದೆಗೆ ಉಪ್ಪು ಸಾಕಷ್ಟು ಏರಿರಲಿಲ್ಲ, ತಳಿಗೆ ಪರೀಕ್ಷೆಯೇ ಆಗಿಲ್ಲ ಅಂತ ಅವರ ವಾದ."

"ಉಪ್ಪು ಏರದ ಹಾಗೆ ಯಾರಾದ್ರೂ ಸಿಹಿನೀರು ಬಿಟ್ಟಿದ್ರಾ?"

ಮೊದಲ ಸಲ ಅವರು ಲೋಟ ಕೆಳಗಿಟ್ಟರು. "ಮಳೆ ಬಿಟ್ಟಿತ್ತು ಮೇಡಂ. ಮಳೆ ಮೇಲೆ ಕೇಸು ಹಾಕ್ತೀರಾ?"

ಹಿಂಭಾಗದಿಂದ ಹೆಂಗಸರ ಹಾಡು ಕೇಳುತ್ತಿತ್ತು. ಒಬ್ಬಳು ಎತ್ತಿಕೊಡುತ್ತಿದ್ದಳು, ಉಳಿದವರು ಹಿಡಿದುಕೊಳ್ಳುತ್ತಿದ್ದರು. ಬಿತ್ತನೆಯ ಹಾಡು. ಅನ್ನಂಕುಟ್ಟಿಯ ಗದ್ದೆಯಲ್ಲಿ ಇವತ್ತೇ ಶುರುವಾಗಿರಬೇಕು ಅಂದುಕೊಂಡಳು ವಿಲಾಸಿನಿ.

"ಶನಿವಾರ, ಭಾನುವಾರ ತಿರುವನಂತಪುರದಿಂದ ಇಲ್ಲಿ ಯಾರ ಜೊತೆಗಾದ್ರೂ ಮಾತಾಡಿದ್ರಾ?"

"ಯಾರ ಜೊತೆಗೂ ಇಲ್ಲ. ಬೆಳಗ್ಗೆಯಿಂದ ರಾತ್ರಿವರೆಗೂ ಸಭೆ. ಎರಡು ದಿನವೂ ಅಷ್ಟೇ."

"ಈ ಕಾಳಿನ ವಿಷಯ ಬರೆದುಕೊಡ್ತೀರಾ? ನೀರಲ್ಲಿ ಎರಡು ದಿನದ ಮೇಲಿತ್ತು ಅಂತ."

"ಯಾಕೆ ಕೊಡಲ್ಲ? ಪರಮು ನಮ್ಮ ಮನುಷ್ಯ. ಅವನು ಹೊರಗೆ ಬಂದ್ರೆ ನನಗೂ ಸಂತೋಷವೇ." ಅವರು ಕಂಪ್ಯೂಟರಿನ ಕಡೆ ತಿರುಗಿದರು. ನಿಧಾನವಾಗಿ, ಒಂದೊಂದು ಪದವನ್ನೂ ಓದಿ ಹೇಳುತ್ತಾ ಟೈಪ್ ಮಾಡಿದರು. ಒಂದು ಸಾಲು ಅಳಿಸಿ ಇನ್ನೂ ಕರಾರುವಾಕ್ಕಾಗಿ ಬರೆದರು. ಪ್ರಿಂಟರಿಗೆ ಹಾಳೆ ಇರಲಿಲ್ಲ. ಕಚೇರಿ ಕೆಲಸದ ಲೀಲ ತರಲು ಹೋದಳು. ಪಳಂಪೊರಿ ಆರಿತು.

ಹಾಳೆ ಹೊರಬಂತು. ಅವರು ಪೆನ್ನಿನ ಮುಚ್ಚಳ ತೆಗೆದರು. ಮತ್ತೆ ಹಾಕಿದರು.

"ಒಂದು ನಿಯಮ ಇದೆ ಮೇಡಂ. ಕರವಸ್ತ್ರದಲ್ಲಿ ತಂದ ಕಾಳಿಗೆ ನಾನು ಸಹಿ ಹಾಕೋ ಹಾಗಿಲ್ಲ. ಕುಕ್ಕೆಯಿಂದ ನಾನೇ ಮಾದರಿ ತೆಗೀಬೇಕು. ಇಲ್ಲದಿದ್ರೆ ನಾಳೆ ಕೋರ್ಟಲ್ಲಿ, ಇದು ಯಾವ ಮನೆ ಕಾಳು ಅಂತ ಕೇಳ್ತಾರೆ."

ಕೇಳುತ್ತಾರೆ. ಅದು ನಿಜ.

"ಬನ್ನಿ, ಕೆಳಗೆ ಹೋಗೋಣ" ಎಂದು ಹಾಳೆ ಹಿಡಿದು ಅವರೇ ಮುಂದಾದರು. ವಿಲಾಸಿನಿ ಕರವಸ್ತ್ರವನ್ನು ಮತ್ತೆ ಗಂಟು ಹಾಕಿ ಕೈಯಲ್ಲಿ ಹಿಡಿದು ಹಿಂದೆ ನಡೆದಳು.

ಮೆಟ್ಟಿಲಿಳಿಯುವಾಗ ಹಾಡು ನಿಂತಿತ್ತು.

ಬೀಜದ ಚಪ್ಪರದಲ್ಲಿ ಶಿಹಾಬ್ ನಿಂತಿದ್ದ. ಅವನ ಕಾಲಬಳಿ ಕುಕ್ಕೆ ಬೋರಲಾಗಿತ್ತು. ತೇಗದ ಎಲೆಗಳು ಒಂದರ ಮೇಲೊಂದು ಜೋಡಿಸಿದ್ದವು. ಕೆಂಪು ನೂಲನ್ನು ಯಾರೋ ಬಿಚ್ಚಿ ಕಂಬಕ್ಕೆ ಕಟ್ಟಿದ್ದರು.

"ಎಲ್ಲೋ ಕಾಳು?"

"ಬಿತ್ತಿದ್ರಲ್ಲ ಮೇಡಂ." ಅವನ ದನಿ ತಗ್ಗಿತು. "ನೀವೇ ಹೇಳಿ ಕಳಿಸಿದ್ದು ಅಂತ ಲೀಲಚೇಚಿ ಬಂದು ಹೇಳಿದ್ಲು. ಸಾರ್, ಮೇಡಂ ಇಬ್ಬರೂ ಮೇಲೆ ಮಾತಾಡಿ ಒಪ್ಪಿದ್ರು ಅಂತ. ನಾನು ಫೋನ್ ಮಾಡ್ದೆ, ನೀವು ಎತ್ತಲಿಲ್ಲ."

ಫೋನು ಅವಳ ಜೇಬಿನಲ್ಲಿತ್ತು. ಸದ್ದು ಬರದಂತೆ ಮಾಡಿಕೊಂಡೇ ಅವಳು ಮೇಲೆ ಹೋಗಿದ್ದಳು.

"ಕಾಳು ತಗೊಂಡು ಹೋಗೋಕೆ ಬಂದವರು ಯಾರು ಅಂತ ನೋಡಲಿಲ್ವಾ?"

"ನೋಡ್ದೆ. ಅಮ್ಮಿಣಿಚೇಚಿ. ಅದಕ್ಕೇ ಬಿಟ್ಟೆ. ಪರಮುಚೇಟ್ಟನ ಹೆಂಡತಿ, ಅವಳೇ ಬಂದು ಕೇಳ್ತಿರುವಾಗ…"

ಸೇತುನಾಥರು ಬಗ್ಗಿ ಖಾಲಿ ಕುಕ್ಕೆಯನ್ನು ನೆಟ್ಟಗೆ ನಿಲ್ಲಿಸಿದರು. ಒಳಗೆ ಇಣುಕಿದರು. "ಅಯ್ಯೋ" ಎಂದರು, ಅಷ್ಟೇ. ಸಹಿಯಿಲ್ಲದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

"ಲೀಲ ನಿಮ್ಮ ಮಾತು ಕೇಳಿ ಬಂದಳಾ?" ವಿಲಾಸಿನಿ ಅವರನ್ನೇ ನೋಡಿ ಕೇಳಿದಳು.

"ಅವರಾಚ್ಚನ್ ಬೀಜ ಹಾಳಾಗಬಾರದು, ಇವತ್ತೇ ಬಿತ್ತಬೇಕು ಅಂತ ಬೆಳಗ್ಗೆ ಹೇಳಿದ್ದೆ. ಪೊಲೀಸರ ಒಪ್ಪಿಗೆ ತಗೋ ಅಂತಲೂ ಹೇಳಿದ್ದೆ. ಅವಳು ಏನು ಅರ್ಥ ಮಾಡ್ಕೊಂಡಳೋ. ನೀವು ವಶಪಡಿಸ್ಕೊಂಡ ಮುದ್ರೆಯೇನೂ ಅದರ ಮೇಲೆ ಇರಲಿಲ್ಲವಲ್ಲ ಮೇಡಂ?"

ಇರಲಿಲ್ಲ.

ವಿಲಾಸಿನಿ ಬೂಟು ಕಳಚಿ ಬದುವಿಗಿಳಿದಳು. ಪ್ರಯೋಗದ ಗದ್ದೆಯ ತುಂಬ ಮಣ್ಣಿನ ಗುಪ್ಪೆಗಳು ಸಾಲಾಗಿ ನೀರಿನಿಂದ ತಲೆ ಎತ್ತಿದ್ದವು. ಪ್ರತಿ ಗುಪ್ಪೆಯ ನೆತ್ತಿಯ ಮೇಲೂ ಕಾಳು ಹರಡಿ, ಮೇಲೆ ತೆಳ್ಳಗೆ ಕೆಸರು ಸವರಿತ್ತು. ಹನಿಮಳೆ ಶುರುವಾಗಿತ್ತು. ಒಂದು ಗುಪ್ಪೆಯನ್ನು ಕೆದಕಿದಳು. ಕೈಗೆ ಬಂದ ಕಾಳು ಇನ್ನೂ ಬೇರಿಲ್ಲದ್ದೇ. ಆದರೆ ಗುಪ್ಪೆಯ ಮೇಲಿನ ಕಾಳು ಯಾವ ಕುಕ್ಕೆಯದು ಎಂಬುದಕ್ಕೆ ಗುರುತಿಲ್ಲ. ಗಾಳಿ ಸಿಕ್ಕಿದೆ; ನಾಳೆಗೆ ಬೇರು ಬಿಡುತ್ತದೆ.

ಕೊನೆಯ ಸಾಲಿನ ಹತ್ತಿರ, ವಿಲಾಸಿನಿ ಚಿಕ್ಕಂದಿನಿಂದ ಅಮ್ಮಾಯಿ, ಅಂದರೆ ಅತ್ತೆ, ಎಂದು ಕರೆಯುತ್ತಿದ್ದ ಅಮ್ಮಿಣಿ ಕೈ ತೊಳೆಯುತ್ತಿದ್ದಳು. ಸೊಂಟಕ್ಕೆ ಬಿಗಿದ ತೋರ್ತು ಟವೆಲು, ಅತ್ತು ಊದಿದ ಕಣ್ಣು. ವಿಲಾಸಿನಿಯನ್ನು ಕಂಡು ನೀರಲ್ಲೇ ಎರಡು ಹೆಜ್ಜೆ ಮುಂದೆ ಬಂದಳು.

"ಒಂದು ಕಾಳೂ ಹೊರಗೆ ಬೀಳದ ಹಾಗೆ ಬಿತ್ತಿದೀನಿ ಮೋಳೆ, ನನ್ನ ಮಗಳೇ. ನಿಮ್ಮಮ್ಮ ನನಗೆ ಕಲಿಸಿಕೊಟ್ಟ ಹಾಗೇ. ಊರವರೆಲ್ಲ ಏನೇನೋ ಆಡ್ಕೊತಿದಾರೆ. ಸಾರ್‌ನ ಕೊಂದವನ ಹೆಂಡ್ತಿ ಅಂತ. ಅದಕ್ಕೇ ನಾನೇ ಮುಂದೆ ನಿಂತೆ. ಕೊಂದವರ ಮನೆಯವರು ಸತ್ತವರ ಬೀಜ ಬಿತ್ತುತಾರಾ, ನೀನೇ ಹೇಳು?"

"ಇವತ್ತು ಬಿತ್ತಬೇಕು ಅಂತ ನಿಂಗೆ ಯಾರು ಹೇಳಿದ್ರು ಅಮ್ಮಾಯಿ?"

"ಸೇತುನಾಥ್ ಸಾರ್."

"ಬೆಳಗ್ಗೆ?"

"ಬೆಳಗ್ಗೆ ಲೀಲ ಬಂದು ನೆನಪು ಮಾಡಿದ್ಲು. ಸಾರ್ ಮೊದಲೇ ಹೇಳಿದ್ರಲ್ಲ, ಫೋನಲ್ಲಿ. ಮಂಗಳವಾರ ಅವರಾಚ್ಚನ್ ಸಾರ್ ಇರಲ್ಲ, ಕೆಂಪು ನೂಲಿನ ಕುಕ್ಕೆ ನೀನೇ ಬಿತ್ತಬೇಕು, ಹೆಂಗಸರನ್ನ ಒಟ್ಟು ಮಾಡು ಅಂತ. ಬಿತ್ತೋಕೆ ಮುಂಚೆ, ಯಾವಾಗಲೂ ಮಾಡೋ ಹಾಗೆ, ಮತ್ತೆ ನೆನೆಸೋದು ಬೇಡ ಅಂತಲೂ ಅಂದ್ರು. ಸಾರ್ ರಜೆ ಹಾಕಿದಾರೇನೋ ಅಂದ್ಕೊಂಡೆ."

"ಯಾವತ್ತು ಬಂತು ಫೋನು?"

ಅಮ್ಮಿಣಿ ಯೋಚಿಸಲಿಲ್ಲ. "ಭಾನುವಾರ. ಚರ್ಚಿನ ಗಂಟೆ ಹೊಡೀತಿತ್ತು, ಅರ್ಧ ಮಾತು ಕೇಳಿಸ್ಲಿಲ್ಲ, ಎರಡು ಸಲ ಹೇಳಿಸ್ಕೊಂಡೆ."

ಹೆಣ ಸಿಕ್ಕಿದ್ದು ಸೋಮವಾರ.

ವಿಲಾಸಿನಿ ತಿರುಗಿ ನೋಡಿದಳು. ಚಪ್ಪರದ ಕಂಬಕ್ಕೆ ಒರಗಿ ಸೇತುನಾಥರು ಕೊಡೆ ಬಿಚ್ಚುತ್ತಿದ್ದರು. ಅಷ್ಟು ದೂರಕ್ಕೆ ಮಾತು ಕೇಳಿಸಿರಲಾರದು. ಕೇಳಿಸಿದ್ದರೂ ಅವರು ಹೆದರಬೇಕಾದ್ದು ಏನೂ ಇರಲಿಲ್ಲ. ಕರೆ ಬಂದದ್ದು ಫೋನಿನಲ್ಲಿ ಇರುತ್ತದೆ, ಆಡಿದ ಮಾತು ಇರುವುದಿಲ್ಲ. ಯಾರ ಜೊತೆಗೂ ಮಾತಾಡಿಲ್ಲ ಅಂದದ್ದನ್ನು ಮರೆವು ಅಂತ ತಿದ್ದಿಕೊಳ್ಳುತ್ತಾರೆ. ಮಾತು ಕೇಳಿಸಿಕೊಂಡವಳು ಆರೋಪಿಯ ಹೆಂಡತಿ. ಸರ್ಕಾರಿ ವಕೀಲರು ಏನು ಹೇಳುತ್ತಾರೆಂದು ಅವಳಿಗೆ ಈಗಲೇ ಕೇಳಿಸುತ್ತಿತ್ತು.

"ಏನಾದ್ರೂ ತೊಂದರೆ ಆಯ್ತಾ ಮೋಳೆ, ನಾನು ಬಿತ್ತಿದ್ದಕ್ಕೆ?"

ವಿಲಾಸಿನಿ ಬಾಯಿ ತೆರೆದಳು. ಮುದುಕಿಯ ಕೈ ಮೊಣಕೈವರೆಗೂ ಕೆಂಪಾಗಿತ್ತು.

"ಇಲ್ಲ."

"ಆ ಕರವಸ್ತ್ರದಲ್ಲೂ ಬೀಜ ಇದೆಯಲ್ಲ. ಕೊಡು, ಅದನ್ನೂ ಹಾಕಿಬಿಡ್ತೀನಿ. ಸಾರ್ ಕೈಯ ಬೀಜ, ವ್ಯರ್ಥ ಆಗಬಾರದು."

"ಇದು ಇರಲಿ ಅಮ್ಮಾಯಿ."

"ಇಟ್ಕೊಂಡು ಏನ್ ಮಾಡ್ತೀಯ?"

ವಿಲಾಸಿನಿ ಕರವಸ್ತ್ರದ ಗಂಟನ್ನು ಬಿಗಿದು ಬದು ಹತ್ತಿದಳು.

ಮಧ್ಯಾಹ್ನ ಮ್ಯಾಜಿಸ್ಟ್ರೇಟರು ಪರಮುವನ್ನು ಹದಿನಾಲ್ಕು ದಿನ ಸಬ್‌ಜೈಲಿಗೆ ಕಳಿಸಿದರು. ಮೊಳಕೆಯ ವಿಷಯ ತಿಳಿಸಿದಾಗ ಅವರು ಸಮಾಧಾನದಿಂದಲೇ ಕೇಳಿ, ಕೇಂದ್ರದ ಮುಖ್ಯಸ್ಥರ ಅಭಿಪ್ರಾಯ ಎಲ್ಲಿ ಎಂದು ವಿಚಾರಿಸಿದರು. ಜೀಪು ಹತ್ತುವ ಮೊದಲು ಪರಮು ಹೆಂಡತಿಯನ್ನು ಹುಡುಕಿ ಕೇಳಿದ್ದು ಒಂದೇ ಮಾತು, ಸಾರ್ ಕೈಯ ಬೀಜ ಬಿತ್ತಿದ್ರಾ ಎಂದು. ಬಿತ್ತಿದ್ವಿ ಅಂದಳು ಅಮ್ಮಿಣಿ. ಅವನು ತಲೆಯಾಡಿಸಿ ಹತ್ತಿದ.

ಸಂಜೆ ಠಾಣೆಯಲ್ಲಿ ವಿಲಾಸಿನಿ ಕರವಸ್ತ್ರ ಬಿಚ್ಚಿದಳು. ಹಿಡಿಯಲ್ಲಿದ್ದ ಕಾಳಿಗೆಲ್ಲ ಬೇರು ಬಂದಿತ್ತು.